ಓದುಗರ ಪ್ರಶ್ನೆ, ನಮ್ಮ ಉತ್ತರ: ಹಾರ್ಸ್ ಚೆಸ್ಟ್‌ನಟ್ ಬೀಜ ಮದ್ದು ಯಾವಾಗ, ವಿಷ ಯಾವಾಗ?

ಪ್ರತಿ ಸಂಚಿಕೆಯಲ್ಲೂ ಬೇರೆ ಬೇರೆ ವಿಷಯದ ಪ್ರಶ್ನೆಗಳನ್ನು ಆರಿಸಿಕೊಳ್ಳುವುದು ಈ ಅಂಕಣದ ವಾಡಿಕೆ. ಹಾರ್ಸ್ ಚೆಸ್ಟ್‌ನಟ್ ಎಂಬ ಒಂದೇ ಮರವನ್ನು ಕುರಿತು ಹಲವು ಪತ್ರಗಳು ಒಟ್ಟಿಗೆ ಬಂದುದರಿಂದ ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಈ ಮರ ನಮ್ಮ ಕಾಡುಗಳದ್ದಲ್ಲವಾದ್ದರಿಂದ ಕನ್ನಡದಲ್ಲಿ ಇದಕ್ಕೆ ಬಳಕೆಯ ಹೆಸರಿಲ್ಲ. ಇಂಗ್ಲಿಷಿನ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿರುವುದು ಬೇಕೆಂದೇ. ಆ ಪತ್ರದಲ್ಲಿ ಒಂದು ಅಪಾಯ ಅಡಗಿದೆ.

ಪ್ರಶ್ನೆ: ನನಗೆ 68 ವರ್ಷ. ಸಂಜೆಯಾಗುತ್ತಲೇ ಎರಡೂ ಕಾಲು ಭಾರವಾಗಿ, ಪಾದದ ಗಂಟಿನ ಸುತ್ತ ಊದಿಕೊಳ್ಳುತ್ತದೆ. ಮೀನಖಂಡದಲ್ಲಿ ನೀಲಿ ನರಗಳು ಹುರಿಗಟ್ಟಿದಂತೆ ಕಾಣುತ್ತವೆ. ಜರ್ಮನಿಯಲ್ಲಿರುವ ಮಗ ಹಾರ್ಸ್ ಚೆಸ್ಟ್‌ನಟ್ ಸಾರದ ಮಾತ್ರೆಗಳನ್ನು ಕಳಿಸಿದ್ದಾನೆ. ಅವನ ಮನೆಯ ಮುಂದೆಯೇ ಆ ಮರವಿದ್ದು, ಸೆಪ್ಟೆಂಬರ್‌ನಲ್ಲಿ ಕಾಯಿ ರಾಶಿ ರಾಶಿ ಉದುರುತ್ತವೆಯಂತೆ. ಅವನ್ನೇ ತರಿಸಿ, ಒಣಗಿಸಿ, ಪುಡಿ ಮಾಡಿ ಬಿಸಿನೀರಿನಲ್ಲಿ ಕದಡಿ ಕುಡಿಯಬಹುದೇ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ದಯವಿಟ್ಟು ಕುಡಿಯಬೇಡಿ. ಮಾತ್ರೆಯಲ್ಲಿರುವುದು ಬೀಜದ ಪುಡಿ ಅಲ್ಲ. ಹಸಿ ಬೀಜದಲ್ಲಿ, ಅದರ ಸಿಪ್ಪೆಯಲ್ಲಿ, ಎಲೆ ಮತ್ತು ತೊಗಟೆಯಲ್ಲಿ ಎಸ್ಕುಲಿನ್ ಎಂಬ ವಿಷಕಾರಿ ಅಂಶವಿದೆ. ಜೊತೆಗೆ ಸಪೋನಿನ್‌ಗಳು, ಅಂದರೆ ನೊರೆ ಬರಿಸುವ ಕಹಿ ರಾಸಾಯನಿಕಗಳು, ಧಾರಾಳವಾಗಿವೆ. ಹಸಿ ಬೀಜ ಹೊಟ್ಟೆಗೆ ಹೋದರೆ ವಾಂತಿ, ಭೇದಿ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಹೆಚ್ಚು ಹೋದರೆ ಕೈಕಾಲು ಹಿಡಿತ ತಪ್ಪುವವರೆಗೂ ಮುಟ್ಟಬಹುದು. ಔಷಧ ತಯಾರಿಸುವಾಗ ಎಸ್ಕುಲಿನ್ ಅನ್ನು ತೆಗೆದುಹಾಕಿ, ಈಸಿನ್ ಎಂಬ ಸಪೋನಿನ್ ಗುಂಪನ್ನು ಬೇರ್ಪಡಿಸಿ, ಪ್ರತಿ ಮಾತ್ರೆಯಲ್ಲೂ ಅದರ ಪ್ರಮಾಣ ಒಂದೇ ಇರುವಂತೆ ಅಳೆದು ತುಂಬುತ್ತಾರೆ. ಒಣ ಬೀಜದಲ್ಲಿ ಈಸಿನ್ ಸಾಮಾನ್ಯವಾಗಿ ಶೇ 3ರಿಂದ 6ರಷ್ಟಿದ್ದರೂ ಮರದಿಂದ ಮರಕ್ಕೆ ಅದು ಬದಲಾಗುತ್ತದೆ. ಮನೆಯಲ್ಲಿ ಪುಡಿ ಮಾಡಿದಾಗ ಒಂದು ಚಮಚದಲ್ಲಿ ಮದ್ದು ಎಷ್ಟು, ವಿಷ ಎಷ್ಟು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಇನ್ನು ಆ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ವಿಚಾರ. ಕಾಲಿನ ಅಭಿಧಮನಿಗಳು ರಕ್ತವನ್ನು ಗುರುತ್ವಕ್ಕೆ ಎದುರಾಗಿ ಹೃದಯದ ಕಡೆಗೆ ಏರಿಸಬೇಕು. ಏರಿದ ರಕ್ತ ಹಿಂದಕ್ಕೆ ಇಳಿಯದಂತೆ ತಡೆಯಲು ಅವುಗಳ ಒಳಗೆ ಪುಟ್ಟ ಕವಾಟಗಳಿರುತ್ತವೆ. ವಯಸ್ಸು, ವರ್ಷಗಟ್ಟಲೆ ನಿಂತು ಮಾಡುವ ಕೆಲಸ, ಬಸಿರು, ಮನೆತನದ ಗುಣ ಮುಂತಾದ ಕಾರಣಗಳಿಂದ ಈ ಕವಾಟಗಳು ಸಡಿಲವಾದಾಗ ರಕ್ತ ಕೆಳಗೇ ತಂಗುತ್ತದೆ, ಒತ್ತಡ ಹೆಚ್ಚುತ್ತದೆ, ಸೂಕ್ಷ್ಮ ರಕ್ತನಾಳಗಳ ಗೋಡೆಯಿಂದ ನೀರಿನಂಶ ಹೊರಗೆ ಜಿನುಗಿ ಊತವಾಗುತ್ತದೆ. ಈಸಿನ್ ಈ ಜಿನುಗುವಿಕೆಯನ್ನು ತಗ್ಗಿಸುತ್ತದೆ, ಅಭಿಧಮನಿಯ ಗೋಡೆಗೆ ಬಿಗಿ ಕೊಡುತ್ತದೆ ಎಂಬುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ರೋಗಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಹೆಸರಾದದ್ದು 1996ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ. ನಿಮ್ಮಂತೆಯೇ ಕಾಲು ಊದುತ್ತಿದ್ದ 240 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ ಎರಡು ಸಲ 50 ಮಿಲಿಗ್ರಾಂ ಈಸಿನ್ ಇರುವ ಸಾರವನ್ನು ಕೊಟ್ಟರು, ಕೆಲವರಿಗೆ ಒತ್ತಡದ ಕಾಲುಚೀಲ ತೊಡಿಸಿದರು, ಉಳಿದವರಿಗೆ ಔಷಧದಂತೆಯೇ ಕಾಣುವ ಹುಸಿ ಗುಳಿಗೆ ಕೊಟ್ಟರು. ನೀರು ತುಂಬಿದ ಪಾತ್ರೆಯಲ್ಲಿ ಕಾಲನ್ನು ಇಳಿಸಿದಾಗ ಎಷ್ಟು ನೀರು ಹೊರಚೆಲ್ಲುತ್ತದೆ ಎಂಬುದರಿಂದ ಊತವನ್ನು ಅಳೆದರು. 12 ವಾರಗಳ ಬಳಿಕ ನೋಡಿದರೆ, ಸಾರ ಸೇವಿಸಿದವರ ಕಾಲಿನ ಗಾತ್ರ ಸರಾಸರಿ 43.8 ಮಿಲಿಲೀಟರ್, ಕಾಲುಚೀಲ ತೊಟ್ಟವರದು 46.7 ಮಿಲಿಲೀಟರ್ ಇಳಿದಿತ್ತು. ಹುಸಿ ಗುಳಿಗೆಯವರದು 9.8 ಮಿಲಿಲೀಟರ್ ಏರಿತ್ತು. ಇಳಿದದ್ದು ಸುಮಾರು ಮೂರು ದೊಡ್ಡ ಚಮಚ ನೀರಿನಷ್ಟು. ಕೇಳುವುದಕ್ಕೆ ಅಲ್ಪವೆನಿಸಿದರೂ ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಬಿಗಿಯುವವರಿಗೆ ಅದರ ಬೆಲೆ ಗೊತ್ತು. 2012ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ 17 ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿ, ನೋವು, ಊತ ಮತ್ತು ತುರಿಕೆಯನ್ನು ಈ ಸಾರ ಅಲ್ಪಾವಧಿಯಲ್ಲಿ ಕಡಿಮೆ ಮಾಡುತ್ತದೆಂದು ಹೇಳಿತು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯೂ ಈ ಬಳಕೆಯನ್ನು ಒಪ್ಪಿದೆ.

ಆದರೂ ಇದರ ಮಿತಿಯನ್ನು ನೀವು ಸ್ಪಷ್ಟವಾಗಿ ತಿಳಿದಿರಬೇಕು. ಪರೀಕ್ಷೆಗಳು ನಡೆದದ್ದು ಕೆಲವೇ ವಾರಗಳ ಮಟ್ಟಿಗೆ. ಈಗಾಗಲೇ ಹುರಿಗಟ್ಟಿರುವ ನರಗಳು ಇದರಿಂದ ಮಾಯವಾಗುವುದಿಲ್ಲ, ಸಡಿಲವಾದ ಕವಾಟ ಮತ್ತೆ ಸರಿಯಾಗುವುದಿಲ್ಲ. ಹೊಟ್ಟೆ ತೊಳಸುವುದು, ತಲೆನೋವು, ತುರಿಕೆ ಕೆಲವರಲ್ಲಿ ಕಾಣಿಸುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಾಲಿನ ಊತಕ್ಕೆ ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯೂ ಕಾರಣವಿರಬಹುದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯತೊಡಗಿದರೆ ಅದು ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು; ಆಗ ಯಾವ ಮಾತ್ರೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಗ ಕಳಿಸಿದ ಮಾತ್ರೆಯ ಡಬ್ಬಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ಒಮ್ಮೆ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ, ಆಮೇಲೆ ಆರಂಭಿಸಿ. ನಮ್ಮ ಊರುಗಳ ಹೋಮಿಯೋಪಥಿ ಅಂಗಡಿಗಳಲ್ಲಿ ‘ಈಸ್ಕುಲಸ್’ ಎಂಬ ಹೆಸರಿನಲ್ಲಿ ಸಿಗುವ ಔಷಧವೂ ಇದೇ ಮರದ್ದು. ಆದರೆ ಮೇಲಿನ ಪರೀಕ್ಷೆಗಳು ಅಳತೆಮಾಡಿದ ಈಸಿನ್ ಕುರಿತಾದವು. ಮತ್ತೆ ಮತ್ತೆ ತೆಳುವಾಗಿಸಿದ ಹನಿಗಳಿಗೆ ಆ ಫಲಿತಾಂಶಗಳನ್ನು ಅನ್ವಯಿಸುವಂತಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಯುರೋಪಿನ ಬೀದಿಗಳಲ್ಲಿ ಹುರಿದು ಮಾರುವ ಚೆಸ್ಟ್‌ನಟ್ ಇದೇ ಮರದ್ದೇ? ಹೆಸರಿನಲ್ಲಿ ಕುದುರೆ ಏಕೆ ಬಂತು?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ, ಮತ್ತು ಈ ಗೊಂದಲ ಅಪಾಯಕಾರಿ. ಹುರಿದು ತಿನ್ನುವುದು ಸಿಹಿ ಚೆಸ್ಟ್‌ನಟ್. ಅದು ಓಕ್ ಮರದ ಕುಟುಂಬಕ್ಕೆ ಸೇರಿದ್ದು. ಅದರ ಕಾಯಿಯ ಹೊರಸಿಪ್ಪೆ ಮುಳ್ಳುಹಂದಿಯ ಮೈಯಂತೆ ಒತ್ತಾಗಿ ಸಣ್ಣ ಮುಳ್ಳುಗಳಿಂದ ತುಂಬಿರುತ್ತದೆ, ಒಳಗಿನ ಬೀಜದ ಒಂದು ತುದಿ ಚೂಪಾಗಿ ಕುಚ್ಚಿನಂತೆ ಮುಗಿಯುತ್ತದೆ. ಹಾರ್ಸ್ ಚೆಸ್ಟ್‌ನಟ್‌ನ ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ಮೊಂಡು ಮುಳ್ಳು; ಬೀಜ ದುಂಡಗೆ, ಎಣ್ಣೆ ಹಚ್ಚಿ ಉಜ್ಜಿದ ಬೀಟೆ ಮರದಂತೆ ಹೊಳೆಯುತ್ತದೆ, ಚೂಪು ತುದಿ ಇರುವುದಿಲ್ಲ. ಎಲೆಯನ್ನು ನೋಡಿದರಂತೂ ಸಂಶಯವೇ ಉಳಿಯದು: ಸಿಹಿ ಚೆಸ್ಟ್‌ನಟ್‌ನದು ಗರಗಸದ ಅಂಚಿನ ಒಂಟಿ ಎಲೆ, ಹಾರ್ಸ್ ಚೆಸ್ಟ್‌ನಟ್‌ನದು ಬೂರುಗದ ಎಲೆಯ ಹಾಗೆ ಒಂದೇ ತೊಟ್ಟಿನಿಂದ ಅಂಗೈಯಾಗಿ ಹರಡುವ ಐದರಿಂದ ಏಳು ಎಲೆಗಳು.

ತುರ್ಕರು ಕೆಮ್ಮುವ ಕುದುರೆಗಳಿಗೆ ಈ ಬೀಜವನ್ನು ತಿನ್ನಿಸುತ್ತಿದ್ದರೆಂದು 16ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಯುರೋಪಿನ ಸಸ್ಯತಜ್ಞರಿಗೆ ವರದಿ ಬಂದಿತ್ತು. ಹೆಸರು ಹುಟ್ಟಿದ್ದು ಅಲ್ಲಿಂದ. ಆದರೆ ಈ ಬೀಜ ಕುದುರೆಗಳಿಗೂ ವಿಷವೇ ಎಂಬುದು ಈಗ ತಿಳಿದಿದೆ. ಉದುರಿದ ಎಲೆಯ ತೊಟ್ಟು ಕೊಂಬೆಯ ಮೇಲೆ ಬಿಟ್ಟುಹೋಗುವ ಗುರುತು ಮಾತ್ರ ಮೊಳೆಗಳ ಸಮೇತ ಕುದುರೆಯ ಲಾಳದಂತೆಯೇ ಕಾಣುತ್ತದೆ.

ಫ್ರೆಂಚರು ಈ ಮರವನ್ನು ‘ಭಾರತದ ಚೆಸ್ಟ್‌ನಟ್’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಪೂರ್ವದಿಂದ ಬಂದದ್ದೆಲ್ಲ ಭಾರತದ್ದೆಂದು ನಂಬಿದ್ದ ಕಾಲದ ತಪ್ಪು ಅದು. 1576ರಲ್ಲಿ ವಿಯೆನ್ನಾದ ಸಸ್ಯತಜ್ಞ ಕ್ಲೂಸಿಯಸ್ ಅವರಿಗೆ ಕಾನ್‌ಸ್ಟಾಂಟಿನೋಪಲ್‌ನಿಂದ ಬೀಜ ತಲುಪಿದ ನಂತರ ಮರ ಯುರೋಪಿನ ಉದ್ಯಾನಗಳಿಗೆಲ್ಲ ಹಬ್ಬಿತು. ಆದರೂ ಅದರ ನಿಜವಾದ ತವರು ಗ್ರೀಸ್, ಅಲ್ಬೇನಿಯಾ ಮೊದಲಾದ ಬಾಲ್ಕನ್ ಬೆಟ್ಟಗಳ ಕಣಿವೆಗಳೆಂಬುದು 1879ರಲ್ಲಿ ಥಿಯೋಡೋರ್ ಫಾನ್ ಹೆಲ್ಡ್ರೈಖ್ ಎಂಬ ಸಸ್ಯವಿಜ್ಞಾನಿ ಬರೆದ ಮೇಲೆಯೇ ನಿಸ್ಸಂಶಯವಾಯಿತು. ಮೂರು ಶತಮಾನ ಕಣ್ಣೆದುರಿಗೇ ಇದ್ದ ಮರದ ತವರು ಯಾವುದೆಂದು ಯಾರಿಗೂ ಖಚಿತವಿರಲಿಲ್ಲ. ಹೆಲ್ಡ್ರೈಖ್ ಅವರ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಪ್ರಶ್ನೆ: ಇದು ನಮ್ಮ ಅಂಟುವಾಳದ ಸಂಬಂಧಿಯಂತೆ, ನಿಜವೇ? ಹಾಗಾದರೆ ಬಟ್ಟೆ ಒಗೆಯಬಹುದೇ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ನಿಜ. ಹಿಂದೆ ಇದಕ್ಕೆಂದೇ ಒಂದು ಪ್ರತ್ಯೇಕ ಕುಟುಂಬ ಮಾಡಿಟ್ಟಿದ್ದರು. ಈಗಿನ ವರ್ಗೀಕರಣದಲ್ಲಿ ಅಂಟುವಾಳ, ಲಿಚಿ, ದಕ್ಷಿಣ ಕನ್ನಡದ ತೋಟಗಳಲ್ಲಿ ಈಗ ಬೆಳೆಯುತ್ತಿರುವ ರಂಬುಟಾನ್ ಎಲ್ಲವೂ ಇದರ ಬಳಗವೇ. ಅಂಟುವಾಳದಲ್ಲಿ ನೊರೆ ಬರುವುದು ಕಾಯಿಯ ತಿರುಳಿನಿಂದ, ಇದರಲ್ಲಿ ಬೀಜದಿಂದ. ಎರಡಕ್ಕೂ ಕಾರಣ ಸಪೋನಿನ್. ಅದರ ಅಣುವಿನ ಒಂದು ತುದಿಗೆ ನೀರು ಒಗ್ಗುತ್ತದೆ, ಇನ್ನೊಂದಕ್ಕೆ ಜಿಡ್ಡು. ಹೀಗಾಗಿ ಅದು ಬಟ್ಟೆಯ ಜಿಡ್ಡನ್ನು ನೀರಿಗೆ ಎಳೆದು ತರುತ್ತದೆ. ಯುರೋಪಿನಲ್ಲಿ ಹತ್ತಾರು ಬೀಜಗಳನ್ನು ಜಜ್ಜಿ ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಸುತ್ತಾರೆ. ಬೆಳಿಗ್ಗೆ ಹಾಲಿನಂಥ ನೀರನ್ನು ಸೋಸಿ ಬಟ್ಟೆ ಒಗೆಯಲು ಬಳಸುವ ಪದ್ಧತಿ ಹಿಂದೆ ಇತ್ತು, ಈಗ ಕೆಲವರು ಮತ್ತೆ ರೂಢಿಸಿಕೊಂಡಿದ್ದಾರೆ. ನೆನೆಸಿದ ನೀರನ್ನು ಕೆರೆ ಕುಂಟೆಗೆ ಚೆಲ್ಲಬಾರದು, ಸಪೋನಿನ್ ಮೀನುಗಳನ್ನು ಕೊಲ್ಲುತ್ತದೆ. ನಿಮ್ಮ ಹಿತ್ತಿಲಲ್ಲಿ ಅಂಟುವಾಳವಿದ್ದರೆ ದೂರದ ಬೀಜದ ಅಗತ್ಯವೇ ಇಲ್ಲ.

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಬ್ಯಾಕ್ಟೀರಿಯಾ ಬೆಳೆಸಲು ನಾವು ದಿನವೂ ಬಳಸುವ ಬೈಲ್ ಎಸ್ಕುಲಿನ್ ಅಗಾರ್ ಎಂಬ ಮಾಧ್ಯಮಕ್ಕೂ ಈ ಮರಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಇದೆ. ಈ ಮರದ ಕುಲನಾಮ ‘ಈಸ್ಕುಲಸ್’ನಿಂದಲೇ ಎಸ್ಕುಲಿನ್ ಎಂಬ ಹೆಸರು ಬಂದಿದೆ. ಮೊದಲ ಪ್ರಶ್ನೆಯಲ್ಲಿ ವಿಷವೆಂದು ಹೇಳಿದ ಆ ವಸ್ತುವೇ ನಿಮ್ಮ ಮೇಜಿನ ಮೇಲೆ ರೋಗಾಣುವಿನ ಗುರುತು ಹಿಡಿಯುವ ಸಾಧನವಾಗಿದೆ. ಎಂಟರೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಪಿತ್ತರಸವಿದ್ದರೂ ಬೆಳೆಯಬಲ್ಲದು. ಬೆಳೆಯುತ್ತಾ ಎಸ್ಕುಲಿನ್ ಅನ್ನು ಗ್ಲೂಕೋಸ್ ಮತ್ತು ಎಸ್ಕುಲೆಟಿನ್ ಎಂದು ಒಡೆಯುತ್ತದೆ. ಎಸ್ಕುಲೆಟಿನ್ ಮಾಧ್ಯಮದಲ್ಲಿರುವ ಕಬ್ಬಿಣದ ಲವಣದೊಂದಿಗೆ ಸೇರಿದಾಗ, ಸಂಜೆ ಇಟ್ಟ ತಿಳಿಬಣ್ಣದ ಓರೆ ಅಗಾರ್ ಬೆಳಿಗ್ಗೆ ಕಪ್ಪಾಗಿರುವುದನ್ನು ನೀವು ಎಷ್ಟೋ ಸಲ ಕಂಡಿರುತ್ತೀರಿ. ಎಸ್ಕುಲಿನ್‌ಗೆ ಇನ್ನೊಂದು ಸೊಗಸಾದ ಗುಣವಿದೆ. ಈ ಮರದ ಎಳೆಯ ತೊಗಟೆಯ ಚೂರನ್ನು ಒಂದು ಲೋಟ ನೀರಿಗೆ ಹಾಕಿ, ಅಂಗಡಿಯವರು ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಹಿಡಿದರೆ, ತೊಗಟೆಯಿಂದ ತಿಳಿನೀಲಿ ಬೆಳಕಿನ ಎಳೆಗಳು ಹೊಗೆಯಂತೆ ಕೆಳಗಿಳಿಯುವುದು ಕಾಣುತ್ತದೆ.

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಶಾಲಾಮಕ್ಕಳು ಯುದ್ಧಕ್ಕಾಗಿ ಈ ಬೀಜ ಆಯ್ದರೆಂದು ಎಲ್ಲೋ ಓದಿದ ನೆನಪು. ಬೀಜಕ್ಕೂ ಯುದ್ಧಕ್ಕೂ ಏನು ಸಂಬಂಧ?
— ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಆಗಿನ ಬ್ರಿಟಿಷ್ ಫಿರಂಗಿ ಮತ್ತು ಬಂದೂಕಿನ ಗುಂಡುಗಳನ್ನು ಹಾರಿಸುತ್ತಿದ್ದದ್ದು ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು. ನೀಲಗಿರಿಯ ಅರುವಂಕಾಡಿನಲ್ಲಿ 20ನೇ ಶತಮಾನದ ಆರಂಭದಲ್ಲೇ ಬ್ರಿಟಿಷರು ಸ್ಥಾಪಿಸಿದ ಕಾರ್ಖಾನೆ ತಯಾರಿಸುತ್ತಿದ್ದುದೂ ಇದನ್ನೇ. ನೈಟ್ರೋಗ್ಲಿಸರಿನ್ ಮತ್ತು ಗನ್‌ಕಾಟನ್ ಎಂಬ ಸ್ಫೋಟಕಗಳನ್ನು ಕಲಸಿ, ಶ್ಯಾವಿಗೆಯಂತೆ ಎಳೆ ಎಳೆಯಾಗಿ ಒತ್ತಿ ತೆಗೆಯಲು ಅಸಿಟೋನ್ ಎಂಬ ದ್ರಾವಕ ಬೇಕು. ಅದನ್ನು ಕಟ್ಟಿಗೆಯನ್ನು ಸುಟ್ಟು ಬಟ್ಟಿ ಇಳಿಸಿ ಪಡೆಯುತ್ತಿದ್ದರು, ಹೆಚ್ಚಿನ ಪಾಲು ಹೊರದೇಶಗಳಿಂದ ಬರುತ್ತಿತ್ತು. 1915ರಲ್ಲಿ ಫಿರಂಗಿಗುಂಡುಗಳ ಅಭಾವ ತೀವ್ರವಾದಾಗ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಚೈಮ್ ವೈಜ್‌ಮನ್ ಅವರ ವಿಧಾನ ಕೈಹಿಡಿಯಿತು. ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ಪಿಷ್ಟವನ್ನು ಉಣಿಸಿ ಹುದುಗಿಸಿದರೆ ಅದು ಅಸಿಟೋನ್ ಮತ್ತು ಬ್ಯೂಟನಾಲ್ ಕೊಡುತ್ತದೆಂದು ಅವರು ಕಂಡುಹಿಡಿದಿದ್ದರು. ಇವರೇ ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು.

ಮೊದಲು ಪಿಷ್ಟಕ್ಕಾಗಿ ಅಮೆರಿಕದ ಮೆಕ್ಕೆಜೋಳವನ್ನು ಬಳಸಿದರು. 1917ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸತೊಡಗಿದಾಗ ಜೋಳಕ್ಕೂ ತತ್ವಾರವಾಯಿತು. ಮನುಷ್ಯರು ತಿನ್ನದ, ಆದರೆ ಪಿಷ್ಟ ತುಂಬಿದ ಹಾರ್ಸ್ ಚೆಸ್ಟ್‌ನಟ್ ಬೀಜ ಆಗ ಸರ್ಕಾರದ ಕಣ್ಣಿಗೆ ಬಿತ್ತು. ಒಂದು ಹಂಡ್ರೆಡ್‌ವೇಟ್‌ಗೆ, ಅಂದರೆ ಸುಮಾರು 50 ಕಿಲೋಗೆ, 7 ಷಿಲಿಂಗ್ 6 ಪೆನ್ಸ್ ಕೊಡುವುದಾಗಿ ಸಾರಿದರು. ಏತಕ್ಕೆಂದು ಮಾತ್ರ ಹೇಳಲಿಲ್ಲ. ಗುಟ್ಟು ಶತ್ರುವಿಗೆ ತಿಳಿಯಬಾರದಿತ್ತು. ಮಕ್ಕಳು ಎಷ್ಟು ಉತ್ಸಾಹದಿಂದ ಆಯ್ದರೆಂದರೆ, ಸಾಗಿಸಲು ರೈಲುಗಳೇ ಸಾಲದೆ ರಾಶಿಗಟ್ಟಲೆ ಬೀಜ ನಿಲ್ದಾಣಗಳಲ್ಲೇ ಕೊಳೆಯಿತು. ನಾರ್ಫೋಕ್‌ನ ಕಿಂಗ್ಸ್ ಲಿನ್‌ನಲ್ಲಿದ್ದ ಕಾರ್ಖಾನೆಗೆ ಸುಮಾರು 3,000 ಟನ್ ತಲುಪಿತು. 1918ರ ಏಪ್ರಿಲ್‌ನಲ್ಲಿ ಕೆಲಸ ಆರಂಭವಾಯಿತು, ಜುಲೈನಲ್ಲಿ ನಿಂತಿತು, ಏಕೆಂದರೆ ಈ ಬೀಜದಿಂದ ಸಿಗುತ್ತಿದ್ದ ಅಸಿಟೋನ್ ತೀರಾ ಕಡಿಮೆಯಿತ್ತು. ಹಾಗೆ ನೋಡಿದರೆ ಇದು ಸೋತ ಪ್ರಯೋಗ. ಬ್ಯಾಕ್ಟೀರಿಯಾದಿಂದ ಅಸಿಟೋನ್ ಪಡೆಯುವ ವಿಧಾನ ಮಾತ್ರ ಯುದ್ಧದ ನಂತರವೂ ದಶಕಗಳ ಕಾಲ ಉದ್ಯಮದಲ್ಲಿ ನಿಂತಿತು.

ಪ್ರಶ್ನೆ: ನಾವು ಹದಿನೈದು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನಮ್ಮ ಬೀದಿಯ ಹಾರ್ಸ್ ಚೆಸ್ಟ್‌ನಟ್ ಮರಗಳು ಆಗಸ್ಟ್‌ನಲ್ಲೇ, ಬೇರೆ ಮರಗಳೆಲ್ಲ ಹಸಿರಾಗಿರುವಾಗ, ಕಂದು ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತವೆ. ಅವು ಸಾಯುತ್ತಿವೆಯೇ?
— ಕನ್ನಡಿಗ ದಂಪತಿ, ರೆಡಿಂಗ್

ಉತ್ತರ: ಬಹುಮಟ್ಟಿಗೆ ಇದು ಎಲೆಯೊಳಗೆ ಸುರಂಗ ಕೊರೆಯುವ ಒಂದು ಪತಂಗದ ಕೆಲಸ. ನಮ್ಮ ಟೊಮೆಟೊ ಬೆಳೆಗಾರರು ರಂಗೋಲಿ ಹುಳು ಎಂದು ಕರೆಯುವ ಕೀಟವೂ ಎಲೆಯೊಳಗೆ ಹೀಗೆಯೇ ಬದುಕುತ್ತದೆ, ಆದರೆ ಅದು ನೊಣದ ಜಾತಿಯದು. ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ನರಗಳ ನಡುವಿನ ಕಂದು ಪಟ್ಟಿಗಳು ಎಣ್ಣೆ ಕಾಗದದಂತೆ ಬೆಳಕು ಬಿಡುತ್ತಿದ್ದು, ಒಳಗೆ ಚಪ್ಪಟೆಯಾದ ಪುಟ್ಟ ಹುಳುವೋ ಅದರ ಹಿಕ್ಕೆಯ ಕರಿಚುಕ್ಕೆಗಳೋ ಕಂಡರೆ ಅದು ಪತಂಗದ್ದೇ. ಕಲೆಗೆ ಹಳದಿ ಅಂಚಿದ್ದು ಬೆಳಕು ಹಾಯದಿದ್ದರೆ ಅದು ಶಿಲೀಂಧ್ರ ರೋಗ. ಪತಂಗ ಸುಮಾರು 5 ಮಿಲಿಮೀಟರ್ ಉದ್ದವಿದ್ದು, ವರ್ಷಕ್ಕೆ ಎರಡು ಮೂರು ತಲೆಮಾರು ಕಳೆಯುತ್ತದೆ.

ಮರ ಇದರಿಂದ ಸಾಯುವುದಿಲ್ಲ. ಹೆಚ್ಚಿನ ಹಾನಿ ಆಗುವ ಹೊತ್ತಿಗೆ ಮರ ವರ್ಷದ ಆಹಾರದ ಬಹುಪಾಲನ್ನು ಕೂಡಿಟ್ಟುಕೊಂಡಿರುತ್ತದೆ. ಬೀಜಗಳು ಮಾತ್ರ ಸಣ್ಣವಾಗುತ್ತವೆಂದು ಅಧ್ಯಯನಗಳು ತೋರಿಸಿವೆ. ಕೋಶಾವಸ್ಥೆಯ ಹುಳು ಚಳಿಗಾಲವನ್ನು ಉದುರಿದ ಎಲೆಯಲ್ಲೇ ಕಳೆಯುವುದರಿಂದ, ಎಲೆಗಳನ್ನು ಗುಡಿಸಿ ಚೀಲಕ್ಕೆ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಮರುವರ್ಷದ ಕಾಟ ಕಡಿಮೆಯಾಗುತ್ತದೆ. ಬೀದಿಯವರೆಲ್ಲ ಒಟ್ಟಾಗಿ ಮಾಡಿದರೆ ಫಲ ಹೆಚ್ಚು. ಕಾಂಡದ ತೊಗಟೆಯಿಂದ ತುಕ್ಕಿನ ಬಣ್ಣದ ಅಂಟುರಸ ಒಸರುತ್ತಿದೆಯೇ ಎಂಬುದನ್ನೂ ನೋಡಿ. ಅದು ಬೇರೆ ಕಾಯಿಲೆ, ಮರವನ್ನು ಕೊಲ್ಲಬಲ್ಲದು. 2019ರ ಯುರೋಪಿನ ಕೆಂಪು ಪಟ್ಟಿಯಲ್ಲಿ ಈ ಮರ ಅಪಾಯದಂಚಿನ ಗುಂಪಿಗೆ ಸೇರಿದೆ.

ಈ ಪತಂಗದ ಮೂಲವನ್ನು ಹುಡುಕಿದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮ್ಯಾಸಿಡೋನಿಯಾದ ಓಹ್ರಿಡ್ ಸರೋವರದ ಬಳಿ 1984ರಲ್ಲಿ ಇದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು, 1986ರಲ್ಲಿ ಹೊಸ ಪ್ರಭೇದವೆಂದು ಹೆಸರು ಪಡೆಯಿತು. 1989ರಲ್ಲಿ ಆಸ್ಟ್ರಿಯಾಕ್ಕೆ ಬಂತು, 2002ರಲ್ಲಿ ಲಂಡನ್ನಿನ ವಿಂಬಲ್ಡನ್‌ನಲ್ಲಿ ಕಾಣಿಸಿತು. ಅಷ್ಟು ದೊಡ್ಡ ಖಂಡದಲ್ಲಿ ಶತಮಾನಗಳಿಂದ ಇಲ್ಲದ ಕೀಟ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು? ಬೇರೆ ಖಂಡದಿಂದಲೇ, ಬೇರೆ ಮರದಿಂದ ಜಿಗಿಯಿತೇ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಕಾಡಿನಲ್ಲಲ್ಲ, ಹರ್ಬೇರಿಯಂನ ಕಪಾಟುಗಳಲ್ಲಿ. ಸಸ್ಯತಜ್ಞರು ಎಲೆಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಸಂಗ್ರಹಿಸಿದ ಸ್ಥಳ ಮತ್ತು ದಿನಾಂಕ ಬರೆದಿಡುತ್ತಾರಲ್ಲವೇ? ಎಲೆಯೊಳಗೆ ಸುರಂಗದಲ್ಲಿದ್ದ ಮರಿಹುಳುಗಳೂ ಎಲೆಯ ಜೊತೆಗೇ ಒತ್ತಲ್ಪಟ್ಟು ಅಲ್ಲೇ ಉಳಿದಿದ್ದವು. ಕೀಟವಿಜ್ಞಾನಿ ಡೇವಿಡ್ ಲೀಸ್ ಮತ್ತು ಅವರ ಸಂಗಡಿಗರು ಹಳೆಯ ಹಾಳೆಗಳನ್ನು ಒಂದೊಂದಾಗಿ ತೆರೆದು, ಆ ಹುಳುಗಳಿಂದ ಡಿಎನ್‌ಎ ತೆಗೆದು, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಅತ್ಯಂತ ಹಳೆಯ ಹುಳು ಸಿಕ್ಕಿದ್ದು 1879ರಲ್ಲಿ ಗ್ರೀಸ್‌ನಲ್ಲಿ ಸಂಗ್ರಹಿಸಿದ ಎಲೆಯಲ್ಲಿ. ಸಂಗ್ರಹಿಸಿದವರು ಅದೇ ಹೆಲ್ಡ್ರೈಖ್. ಮರದ ತವರನ್ನು ಸಾಬೀತು ಮಾಡಲು ಅವರು ಕಿತ್ತು ಒಣಗಿಸಿದ ಎಲೆ, ತಮಗೇ ಅರಿವಿಲ್ಲದಂತೆ, ಅದರ ಶತ್ರುವಿನ ತವರನ್ನೂ 132 ವರ್ಷಗಳ ಕಾಲ ಕಾಪಿಟ್ಟುಕೊಂಡಿತ್ತು. ಕೀಟ ಬಾಲ್ಕನ್ ಕಣಿವೆಗಳ ಕಾಡುಮರಗಳಲ್ಲಿ ಮೊದಲಿನಿಂದಲೂ ಇತ್ತು; ಉದ್ಯಾನಗಳ ಮತ್ತು ರಸ್ತೆಬದಿಯ ಮರಗಳನ್ನು ಅದು ತಲುಪಿದ್ದು ಮಾತ್ರ ಇತ್ತೀಚೆಗೆ. ಹಳೆಯ ಹರ್ಬೇರಿಯಂಗಳಿಗೆ ಹಣ ಮತ್ತು ಜಾಗ ಕೊಡುವುದು ವ್ಯರ್ಥವೆನ್ನುವವರಿಗೆ ನಾನು ಯಾವಾಗಲೂ ಈ ಸಂಗತಿಯನ್ನು ಹೇಳುತ್ತೇನೆ.

ಪ್ರಶ್ನೆ: ವಿಯೆನ್ನಾದಲ್ಲಿ ತೆಗೆದ ಫೋಟೋದಲ್ಲಿ ಒಂದೇ ಗೊಂಚಲಿನ ಕೆಲವು ಬಿಳಿ ಹೂಗಳ ನಡುವೆ ಹಳದಿ ಮಚ್ಚೆ, ಕೆಲವಕ್ಕೆ ಕೆಂಪು ಮಚ್ಚೆ ಇದೆ. ಏಕೆ?
— ಓದುಗರೊಬ್ಬರು, ಉಡುಪಿ

ಉತ್ತರ: ಹೊಸದಾಗಿ ಅರಳಿದ ಹೂವಿನ ಮಚ್ಚೆ ಹಳದಿ, ಆಗ ಅದರಲ್ಲಿ ಮಕರಂದವಿರುತ್ತದೆ. ದಿನ ಕಳೆದಂತೆ ಮಚ್ಚೆ ಕಿತ್ತಳೆಯಾಗಿ, ಕೊನೆಗೆ ಕೆಂಪಾಗುತ್ತದೆ, ಮಕರಂದವೂ ನಿಲ್ಲುತ್ತದೆ. ಜೇನುಹುಳುಗಳಿಗೆ ಕೆಂಪು ಸರಿಯಾಗಿ ಕಾಣದು. ಅವು ಹಳದಿ ಮಚ್ಚೆಯ ಹೂಗಳಿಗೇ ಹೋಗುತ್ತವೆ. ಹಳೆಯ ಹೂಗಳು ಉದುರದೆ ಉಳಿಯುವುದರಿಂದ ಗೊಂಚಲು ದೂರಕ್ಕೆ ದೊಡ್ಡದಾಗಿ ಕಾಣುತ್ತದೆ, ಹತ್ತಿರ ಬಂದ ಹುಳುವಿನ ಶ್ರಮವೂ ವ್ಯರ್ಥವಾಗುವುದಿಲ್ಲ.

ಪ್ರಶ್ನೆ: ಕುಲುವಿನ ಬಳಿ ಚಾರಣ ಹೋದಾಗ ಇಂಥದೇ ಮರ ನೋಡಿದೆ. ಊರಿನವರು ಅದರ ಬೀಜದ ಹಿಟ್ಟನ್ನು ತಿನ್ನುತ್ತೇವೆ ಎಂದರು. ವಿಷವಲ್ಲವೇ?
— ಚಾರಣಿಗರು, ಮೈಸೂರು

ಉತ್ತರ: ನೀವು ಕಂಡದ್ದು ಇದರ ಹಿಮಾಲಯದ ಸೋದರ, ಕಾಶ್ಮೀರದಿಂದ ನೇಪಾಳದವರೆಗೆ ಬೆಳೆಯುವ ಭಾರತೀಯ ಹಾರ್ಸ್ ಚೆಸ್ಟ್‌ನಟ್. ಹಿಮಾಚಲದಲ್ಲಿ ಖನೋರ್ ಎಂದೂ ಉತ್ತರಾಖಂಡದಲ್ಲಿ ಪಾಂಗರ್ ಎಂದೂ ಕರೆಯುತ್ತಾರೆ. ಬೆಳಗಾವಿ ಕಡೆಯ ಮರಾಠಿ ಬಲ್ಲವರು ಇದನ್ನು ತಮ್ಮ ಪಾಂಗಾರಾ ಎಂದುಕೊಳ್ಳಬಾರದು, ಅದು ನಮ್ಮ ಹಾಲುವಾಣ. ಫ್ರೆಂಚರು ಬಾಲ್ಕನ್ ಮರಕ್ಕೆ ತಪ್ಪಾಗಿ ಕೊಟ್ಟ ಹೆಸರಿಗೆ ನಿಜವಾಗಿ ಯೋಗ್ಯವಾದ ಮರ ಇದೇ.

ಇದರ ಬೀಜವೂ ಹಸಿಯಾಗಿದ್ದಾಗ ಕಹಿ, ವಿಷ. ಗುಡ್ಡಗಾಡಿನವರು ಬೀಜವನ್ನು ಒಣಗಿಸಿ, ಸಿಪ್ಪೆ ತೆಗೆದು, ಬೀಸಿ, ಹಿಟ್ಟನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ, ಮೇಲಿನ ನೊರೆನೀರನ್ನು ಬಸಿದು ಚೆಲ್ಲುತ್ತಾರೆ. ಸಪೋನಿನ್ ನೀರಿನಲ್ಲಿ ಕರಗಿ ಹೋಗುತ್ತದೆ, ಕರಗದ ಪಿಷ್ಟ ತಳದಲ್ಲಿ ಉಳಿಯುತ್ತದೆ. ಅದನ್ನು ಗೋಧಿ ಹಿಟ್ಟಿಗೆ ಬೆರೆಸಿ ರೊಟ್ಟಿ ಮಾಡುತ್ತಾರೆ, ಹಲ್ವ ಕೂಡ ಮಾಡುವುದುಂಟು. ಜಪಾನಿನಲ್ಲಿ ಅಲ್ಲಿಯ ಪ್ರಭೇದದ ಬೀಜವನ್ನು ದಿನಗಟ್ಟಲೆ ಹರಿಯುವ ನೀರಿನಲ್ಲಿಟ್ಟು, ಕಟ್ಟಿಗೆ ಬೂದಿಯಲ್ಲಿ ಕಲಸಿ ಕಹಿ ಕಳೆದು, ಅಂಟಕ್ಕಿಯೊಂದಿಗೆ ಬೇಯಿಸಿ ಕುಟ್ಟಿ ತೊಚಿಮೊಚಿ ಎಂಬ ಕಡುಬಿನಂಥ ತಿನಿಸು ಮಾಡುತ್ತಾರೆ. ನಮ್ಮ ಮಲೆನಾಡಿನಲ್ಲಿ ಕೆಸುವಿನ ತುರಿಕೆ ಹೋಗಲು ಹುಣಸೆಹುಳಿ ಹಾಕುವಂತೆ, ಇದೂ ತಲೆತಲಾಂತರದಿಂದ ಕೈಗೆ ಕೈ ದಾಟಿ ಬಂದ ಅಡುಗೆಮನೆಯ ರಸಾಯನಶಾಸ್ತ್ರ. ಒಂದು ಹಂತ ತಪ್ಪಿದರೂ ಹೊಟ್ಟೆ ಕೆಡುವುದು ಖಂಡಿತ, ಆದ್ದರಿಂದ ಬಲ್ಲವರಿಂದ ಕಲಿಯದೆ ಯಾರೂ ಪ್ರಯತ್ನಿಸಬಾರದು. ಈ ಬೀಜದ ಪಿಷ್ಟದ ಗುಣಗಳನ್ನು ಕಾಶ್ಮೀರ ವಿಶ್ವವಿದ್ಯಾಲಯದ ಆಹಾರ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಕಾಡಿನಲ್ಲಿ ಬಿದ್ದು ಹೋಗುವ ಬೀಜದಿಂದ ಉದ್ಯಮಕ್ಕೆ ಬೇಕಾದ ಪಿಷ್ಟ ಸಿಕ್ಕರೆ ಗುಡ್ಡಗಾಡಿನವರಿಗೂ ಆದಾಯವಾದೀತು.

ಹಿಮಾಲಯದ ಈ ಮರವನ್ನು ಯುರೋಪಿನವರು ಈಗ ಆಸಕ್ತಿಯಿಂದ ನೋಡುತ್ತಿರುವುದಕ್ಕೆ ಕಾರಣವಿದೆ. ರೆಡಿಂಗ್‌ನ ಓದುಗರನ್ನು ಕಾಡುವ ಪತಂಗದ ಮರಿಹುಳು ಇದರ ಎಲೆಯಲ್ಲಿ ಬೆಳೆಯಲಾರದೆ ಸಾಯುತ್ತದೆ. ಆದರೆ ಇನ್ನೊಂದು ಮುಖವೂ ಇದೆ. ಬ್ರಿಟನ್ನಿನ ಮರಗಳಿಂದ ಅಂಟುರಸ ಒಸರಿಸುವ ಬ್ಯಾಕ್ಟೀರಿಯಾದ ಹತ್ತಿರದ ಬಂಧು 1969ರಲ್ಲೇ ಭಾರತದಲ್ಲಿ ಈ ಮರದ ಎಲೆಯಿಂದ ದೊರೆತಿತ್ತು. ಇಲ್ಲಿ ಅದು ಎಲೆಯ ಮೇಲೆ ಚುಕ್ಕೆ ಮೂಡಿಸುವ ಸಾಧಾರಣ ರೋಗಾಣು. ಎರಡರ ಜೀನೋಮನ್ನೂ ಹೋಲಿಸಿ 2010ರಲ್ಲಿ ಪ್ರಕಟವಾದ ಸಂಶೋಧನೆ, ಬ್ರಿಟನ್ನಿನ ರೋಗ ಇತ್ತೀಚೆಗೆ ಒಂದೇ ಸಲ ಒಳಬಂದು ಹರಡಿದ ತಳಿಯಿಂದ ಆದದ್ದೆಂದು ತೋರಿಸಿತು.

ಪ್ರಶ್ನೆ: ಮಡಿಕೇರಿಯ ನಮ್ಮ ತೋಟದಲ್ಲಿ ಈ ಮರ ಬೆಳೆಸಬಹುದೇ? ನೆಂಟರು ಲಂಡನ್ನಿನಿಂದ ಬೀಜ ತರುತ್ತೇವೆ ಎನ್ನುತ್ತಿದ್ದಾರೆ.
— ಕಾಫಿ ಬೆಳೆಗಾರರು, ಕೊಡಗು

ಉತ್ತರ: ತರಿಸಬೇಡಿ. ಈ ಬೀಜ ಮೊಳೆಯಬೇಕಾದರೆ ತೇವವಾಗಿದ್ದು ಮೂರು ನಾಲ್ಕು ತಿಂಗಳ ಕಡುಚಳಿಯನ್ನು ಕಳೆಯಬೇಕು, ಅಂಥ ಚಳಿ ಮಡಿಕೇರಿಯಲ್ಲಿಲ್ಲ. ಒಣಗಿದರಂತೂ ಅದರ ಜೀವವೇ ಹೋಗುತ್ತದೆ, ಭತ್ತದ ಹಾಗೆ ಒಣಗಿಸಿ ಕಾದಿಡುವಂತಿಲ್ಲ. ಶೀತಪೆಟ್ಟಿಗೆಯಲ್ಲಿಟ್ಟು ಮೊಳೆಸಿದರೂ ಚಳಿಗಾಲದ ವಿಶ್ರಾಂತಿಯಿಲ್ಲದ ಊರಿನಲ್ಲಿ ಮರ ಏಳಿಗೆಯಾಗುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಬಿತ್ತನೆಯ ಬೀಜವನ್ನು ಅನುಮತಿ ಪತ್ರ ಮತ್ತು ಆ ದೇಶದ ಆರೋಗ್ಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ತರುವಂತಿಲ್ಲ, ಚೀಲದ ಮೂಲೆಯಲ್ಲಿಟ್ಟ ನಾಲ್ಕೇ ಬೀಜವಾದರೂ ಸರಿ. ಬೀಜದ ಜೊತೆ ಅಂಟಿಕೊಂಡು ಬರುವ ಎಲೆಯ ಚೂರಿನಲ್ಲಿ ರೋಗಾಣು ಇದ್ದರೆ, ಕುಲುವಿನ ಖನೋರ್ ಮರಗಳ ಮೇಲೆ ಅದು ಹೇಗೆ ಎರಗೀತೆಂದು ಮೊದಲೇ ಹೇಳಲಾಗದು. ತೋಟದ ಅಂಚಿಗೆ ಇದೇ ಬಳಗದ ಮರ ಬೇಕೆಂದಿದ್ದರೆ ಅಂಟುವಾಳದ ಸಸಿ ನೆಡಿ. ಅದಕ್ಕೆ ನಿಮ್ಮ ಮಳೆಯೂ ಮಣ್ಣೂ ಒಗ್ಗುತ್ತವೆ.